ಜಿಗಿಹುಳುವಿನ ಕೃಪೆಯಿಂದ ವಿಯೆಟ್ನಾಂ

ಸಿಂಧನೂರು

ನಾನು ಸಮುದ್ರ ದಾಟಿದ್ದು ಸ್ವಂತ ಪುಣ್ಯದಿಂದಲ್ಲ, ಭತ್ತದ ಕಂದು ಜಿಗಿಹುಳುವಿನ ಪುಣ್ಯದಿಂದ. ಈ ಹುಳ ಎಳ್ಳುಕಾಳಿನಷ್ಟು ಇರುತ್ತದೆ. ತೆನೆ ಕಟ್ಟುವ ಹೊತ್ತಿಗೆ ಸರಿಯಾಗಿ ಬುಡಕ್ಕೆ ಬಂದು ಕೂತು ರಸ ಹೀರುತ್ತದೆ. ಕೃಷಿ ಇಲಾಖೆಯಲ್ಲಿ ಗ್ರಾಮಸೇವಕನಾಗಿದ್ದ ಮೂವತ್ತನಾಲ್ಕು ವರ್ಷವೂ ನಾನು ಅದರ ವಿರುದ್ಧ ಭಾಷಣ ಮಾಡಿದ್ದೇನೆ. ಗೊರೇಬಾಳದ ಕಟ್ಟೆಯ ಮೇಲೆ ಮಾಡಿದ್ದೇನೆ, ತುರ್ವಿಹಾಳದ ಚಹಾದಂಗಡಿಯಲ್ಲಿ ಮಾಡಿದ್ದೇನೆ, ಕೇಳುವವರು ಯಾರೂ ಇಲ್ಲದಾಗ ಕಾಲುವೆಯ ಏರಿಯ ಮೇಲೂ ಮಾಡಿದ್ದೇನೆ. ಹುಳ ಅದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳದೆ, ನಿವೃತ್ತಿಯಾದ ಮೇಲೆ ನನ್ನನ್ನು ವಿಮಾನ ಹತ್ತಿಸಿತು. ದೊಡ್ಡ ಮನಸ್ಸು ಎಂದರೆ ಅದು.

ಆದದ್ದು ಹೀಗೆ. ನನ್ನ ಹೆಂಡತಿಯ ತಮ್ಮ ಅಮರೇಶನಿಗೆ ಮಸ್ಕಿಯಲ್ಲಿ ಬೀಜ, ಗೊಬ್ಬರ, ಎಣ್ಣಿಯ ಅಂಗಡಿ ಇದೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಎನ್ನುತ್ತೇವೆ. ಎಣ್ಣಿ ಮಾಡುವ ಒಂದು ಕಂಪನಿ (ಅವರ ಅನ್ನ ಉಂಡದ್ದರಿಂದ ಹೆಸರು ಹೇಳುವುದಿಲ್ಲ) ತನ್ನ ಮಾಲನ್ನು ಇಂತಿಷ್ಟು ಬಾಕ್ಸ್ ಕೊಂಡು ಎತ್ತಿದ ಅಂಗಡಿಕಾರರನ್ನು ವರ್ಷಕ್ಕೊಮ್ಮೆ ಜೋಡಿಯಾಗಿ ವಿದೇಶ ತೋರಿಸಿಕೊಂಡು ಬರುತ್ತದೆ. ಮೊದಲು ರೈತ ಹುಳದ ವಿಷಯಕ್ಕೆ ನನ್ನಂಥವನ ಹತ್ತಿರ ಬರುತ್ತಿದ್ದ. ನಾನು ನಿವೃತ್ತನಾದ ಮೇಲೆ ಆ ಹುದ್ದೆ ತುಂಬಲಿಲ್ಲ. ಈ ಕೆಲಸವನ್ನು ಮಾರುಕಟ್ಟೆಯೇ ಇನ್ನೂ ಚೆನ್ನಾಗಿ ಮಾಡುತ್ತದೆ ಎಂದು ಮೇಲಿನವರಿಗೆ ಹೊಳೆದಿತ್ತಂತೆ. ಈಗ ನಾನು ನೋಡಿಕೊಳ್ಳುತ್ತಿದ್ದ ಹನ್ನೊಂದು ಹಳ್ಳಿಯ ರೈತರು ಹಳದಿಯಾದ ಗರಿ ಹಿಡಿದುಕೊಂಡು ನೇರ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಗರಿಯನ್ನು ಒಮ್ಮೆ ನೋಡುತ್ತಾನೆ, ತನ್ನ ರ‍್ಯಾಕನ್ನು ಎರಡು ಸಲ ನೋಡುತ್ತಾನೆ, ರೋಗ ಯಾವುದೆಂದು ತೀರ್ಮಾನವಾಗುತ್ತದೆ.

ಅಮರೇಶ ಮನೆಗೆ ಬಂದು ಕೇಳಿದ. "ಮಾಮಾ, ನಿಮ್ಮ ಪಾಸ್‌ಪೋರ್ಟ್ ಐತಲ್ರೀ?"

ಇತ್ತು. ನೇಪಾಳದ ಪಶುಪತಿನಾಥನಿಗೆ ಹೋಗಬೇಕೆಂದು ಮಾಡಿಸಿದ್ದೆ. ನೇಪಾಳಕ್ಕೆ ಅದು ಬೇಕೇ ಇಲ್ಲ ಎಂದು ಮಾಡಿಸಿದ ಮೇಲೆ ಗೊತ್ತಾಯಿತು.

"ವಿಯೆಟ್ನಾಂ ಟೂರ್ ಬಂದೈತಿ. ನನ್ನ ಹೆಂಡ್ತಿ ಒಲ್ಲೆ ಅಂತಾಳ, ಆಕಿಗೆ ಮೊಣಕಾಲ ನೋವು. ನೀವ ಬರ್ರಿ."

ನನ್ನ ಹೆಂಡತಿ ಒಳಗಿನಿಂದಲೇ ಹೇಳಿದಳು. "ಕರ್ಕೊಂಡ್ ಹೋಗಪ. ಹದಿನೈದ್ ದಿನ ಇಟಗೊಂಡ್ರೂ ನಡಿತೈತಿ."

ಕಂಪನಿಯಿಂದ ನಮ್ಮ ಮೇಲ್ವಿಚಾರಣೆಗೆ ಬಂದವನು ಮೌನೇಶ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರೂ ಊರಿಗೆ ಅವನೇ ಫೀಲ್ಡ್ ಆಫೀಸರ್. ವಯಸ್ಸು ನಲವತ್ತೆರಡು, ಕೃಷಿ ಪದವೀಧರ, ಲಿಂಗಸುಗೂರಲ್ಲಿ ಬಾಡಿಗೆ ಮನೆ, ಇಬ್ಬರು ಹೆಣ್ಣುಮಕ್ಕಳು. ನನ್ನ ಹುದ್ದೆಗೆ ಅರ್ಜಿ ಕರೆಯುತ್ತಾರೆಂದು ಕಾದು ಕಾದು ವಯೋಮಿತಿ ಮೀರಿದವನು ಅವನು. ಅದೇ ಹುದ್ದೆಯಲ್ಲಿ ಕೂತು ಕೂತು ವಯೋಮಿತಿ ಮೀರಿದವನು ನಾನು. ಹೀಗಾಗಿ ನಮ್ಮಿಬ್ಬರಲ್ಲಿ ಒಂದು ಬಗೆಯ ಬೀಗತನ.

ಶಂಶಾಬಾದ್

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಮೊದಲ ಧರ್ಮಸಂಕಟ ಎದುರಾಯಿತು. ಅಮರೇಶನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ತಪಾಸಣೆಯ ಬಾಗಿಲು ಕೂಗಿಕೊಂಡಿತು. ಅದನ್ನು ತೆಗೆದು ಪ್ಲಾಸ್ಟಿಕ್ ಟ್ರೇಯಲ್ಲಿಡು ಎಂದು ಭದ್ರತಾ ಪಡೆಯ ಜವಾನ ಹಿಂದಿಯಲ್ಲಿ ಹೇಳಿದ. ಆ ಟ್ರೇಯಿಂದ ಆಗಷ್ಟೇ ಯಾರದೋ ಬೂಟು ಇಳಿದಿತ್ತು.

"ತಲಿ ಬೇಕಾರ ಇಡ್ತೀನಿ," ಎಂದ ಅಮರೇಶ. "ಲಿಂಗ ಇಡಂಗಿಲ್ಲ."

ಹಿಂದೆ ಸಾಲು ಬೆಳೆಯಿತು. ಸಿಂಧನೂರಿನ ಕಾಲುವೆ ಕ್ಯಾಂಪಿನ ಅಂಗಡಿಕಾರ ಸುಬ್ಬಾರಾವ್ ನಮ್ಮ ಹಿಂದೆಯೇ ನಿಂತಿದ್ದ. ಅವನ ಅಜ್ಜ ಗುಂಟೂರಿನಿಂದ ಬಂದವನು. ಮೊಮ್ಮಗನ ಕನ್ನಡ ಇನ್ನೂ ದಾರಿಯಲ್ಲಿದೆ. "ಅಯ್ಯೋ ಅಮರೇಶಂ ಗಾರೂ, ಪ್ಲೇನ್ ಹೋಗಿಬಿಡ್ತದಂಡಿ. ನಿಮ್ಮ ದೇವರು ಎರಡು ನಿಮಿಷ ಅಡ್ಜಸ್ಟ್ ಮಾಡ್ಕೊಳ್ಳಲ್ಲೇನು?"

"ನಿಮ್ಮ ದೇವರು ಗುಡ್ಡದ ಮ್ಯಾಲ ಅದಾನ, ಅಡ್ಜಸ್ಟ್ ಆಗ್ತಾನ. ನಮ್ಮಾವ ಎದಿ ಮ್ಯಾಲ ಅದಾನ."

ಮೌನೇಶ ಓಡಿಬಂದ. ಜೇಬಿನಿಂದ ಇಸ್ತ್ರಿ ಮಾಡಿದ ಬಿಳಿ ಕರವಸ್ತ್ರ ತೆಗೆದು, ಎರಡೂ ಅಂಗೈ ಮೇಲೆ ಹರಡಿ ಅಮರೇಶನ ಎದೆಯ ಕೆಳಗೆ ಪೀಠದ ಹಾಗೆ ಹಿಡಿದ. ಜವಾನನಿಗೆ ನಮ್ಮ ಕಡೆಯ ಉರ್ದುವಿನಲ್ಲಿ ಏನೋ ಮೆತ್ತಗೆ ಹೇಳಿದ. ಜವಾನ ಕೈಯಂತ್ರವನ್ನು ಒಮ್ಮೆ ಆರತಿಯಂತೆ ಎತ್ತಿ ಇಳಿಸಿ, ಕೈಮುಗಿದು ಬಿಟ್ಟ.

"ಕಾಲೇಜಿನ್ಯಾಗ ಹುಳದ ಜೀವನಚಕ್ರ ಓದಿದ್ದೆ ಸರ್," ಎಂದು ಮೌನೇಶ ನನ್ನ ಪಕ್ಕ ಕೂತ. "ಈಗ ಡೀಲರ್‌ಗಳ ಜೀವನಚಕ್ರ ನೋಡ್ಕೊಂತೀನಿ." ಆಮೇಲೆ ಹೇಳಿದ. "ಸರ್, ಕೊನೀ ದಿನ ಇವರೆಲ್ಲ ಸ್ಟೇಜ್ ಮ್ಯಾಲ ನಿಂತು ಮುಂದಿನ ವರ್ಷದ ಟಾರ್ಗೆಟ್ ಹೇಳಬೇಕು. ನನ್ನ ಏರಿಯಾ ಹೋದ ವರ್ಷಕ್ಕಿಂತ ಕಡಿಮಿ ಬಿದ್ರ ನನ್ನ ಕಾಂಟ್ರಾಕ್ಟ್ ಮುಗೀತು ಅಂತ ದೊಡ್ಡ ಸಾಹೇಬ್ರು ಹೇಳ್ಯಾರ."

"ಹೇಳ್ತಾರ ಬಿಡಪ್ಪ. ಹೇಳಾಕ ಏನ್ ಖರ್ಚೈತಿ?"

"ಅಮರೇಶ ಸಾಹುಕಾರ್ರು ಎರಡು ತಿಂಗಳಿಂದ ನನಗ ಬೈದಿಲ್ರಿ. ಈ ಸಲ ಮಾಲ ಎತ್ತಂಗಿಲ್ಲೇನೋ ಅಂತ ಅಂಜಿಕಿ ಬಂದೈತಿ."

ಸೈಗಾನ್

ಈ ನಗರಕ್ಕೆ ಸರಕಾರಿ ಹೆಸರು ಬೇರೆ ಇದೆ, ಜನ ಸೈಗಾನ್ ಅನ್ನುತ್ತಾರೆ. ಕಮ್ಯುನಿಸ್ಟ್ ದೇಶವೆಂದು ನಾನು ಮನಸ್ಸನ್ನು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಕುಡುಗೋಲು ಸುತ್ತಿಗೆಯ ಕೆಂಪು ಬಾವುಟ ಕಂಡದ್ದೂ ನಿಜ. ಅದು ಹಾರುತ್ತಿದ್ದುದು ಒಂದು ಬಂಗಾರದ ಅಂಗಡಿಯ ಮುಂದೆ. ನಮ್ಮ ಕಡೆಯ ಹಟ್ಟಿ ಗಣಿಯಲ್ಲಿ ನೆಲದೊಳಗಿಳಿದು ಬಂಗಾರ ತೆಗೆಯುವವರು ಇಂಥ ಬಾವುಟ ಹಿಡಿದು ಮೆರವಣಿಗೆ ಹೋದದ್ದನ್ನು ನೋಡಿದ್ದೇನೆ. ಬಂಗಾರ ಮಾರುವವರು ಅದನ್ನು ಹಿಡಿದದ್ದನ್ನು ಇಲ್ಲಿಯೇ ಮೊದಲು ನೋಡಿದ್ದು.

ನಮ್ಮ ಗೈಡ್ ಲಾನ್ ಎಂಬ ಹೆಣ್ಣುಮಗಳು. ಸುಬ್ಬಾರಾವ್ ಅವಳನ್ನು ಇಂಗ್ಲಿಷಿನಲ್ಲಿ ಕೇಳಿದ, ಇಲ್ಲಿ ಕಮ್ಯುನಿಸಂ ಎಲ್ಲಿದೆ, ನಮಗೆ ಯಾವಾಗ ತೋರಿಸುತ್ತೀರಿ?

ಅವಳು ಕೈಯಲ್ಲಿದ್ದ ಪಟ್ಟಿ ನೋಡಿ, ಊಟ ಆದ ಮೇಲೆ ಎಂದಳು. ನಗಲಿಲ್ಲ.

ಊಟ ಆದ ಮೇಲೆ ಅವಳು ತೋರಿಸಿದ್ದು ತನ್ನ ಫೋನು. ಹಗಲು ಗೈಡು, ಸಂಜೆ ಮಕ್ಕಳಿಗೆ ಟ್ಯೂಶನ್, ಉಳಿದ ಹೊತ್ತು ಬೈಕಿನಲ್ಲಿ ಮನೆಮನೆಗೆ ಪಾರ್ಸೆಲ್; ಮೂರೂ ಕೆಲಸ ಆ ಫೋನಿನಲ್ಲೇ ಕರೆಯುತ್ತಿದ್ದವು. ಅವಳ ತಾಯಿ ಆಸ್ಪತ್ರೆಯಲ್ಲಿದ್ದಳು. ಆಸ್ಪತ್ರೆಯವರು ಮೊದಲು ಠೇವಣಿಯನ್ನು ದಾಖಲು ಮಾಡಿಕೊಳ್ಳುತ್ತಾರೆ, ಆಮೇಲೆ ರೋಗಿಯನ್ನು ಎಂದು ವಿವರಿಸಿದಳು. ಆ ಒಂದು ವಿಷಯದಲ್ಲಿ ನಮಗೆ ಪರದೇಶದಲ್ಲಿದ್ದೇವೆ ಅನ್ನಿಸಲೇ ಇಲ್ಲ. ನಮ್ಮಲ್ಲಿ ಒಂದು ಕೆಲಸಕ್ಕೆ ಮೂರು ಸಾವಿರ ಮಂದಿ ಅರ್ಜಿ ಹಾಕುತ್ತಾರೆ, ಇಲ್ಲಿ ಒಬ್ಬಳೇ ಮೂರು ಕೆಲಸಕ್ಕೆ ಹಾಜರಿ ಕೊಡುತ್ತಾಳೆ. ಎರಡರಲ್ಲಿ ಯಾವುದು ಪ್ರಗತಿ ಎಂದು ನಾನು ಇಡೀ ಮಧ್ಯಾಹ್ನ ಯೋಚಿಸಿದೆ, ತಿಳಿಯಲಿಲ್ಲ.

ರಸ್ತೆ ದಾಟುವುದಕ್ಕೆ ಅಲ್ಲೊಂದು ಶಾಸ್ತ್ರವಿದೆ. ಸಾವಿರ ಬೈಕು ಬರುತ್ತಿರುತ್ತವೆ, ಯಾವುದೂ ನಿಲ್ಲುವುದಿಲ್ಲ. ನಾವೂ ನಿಲ್ಲಬಾರದು. ಒಂದೇ ನಡಿಗೆಯಲ್ಲಿ ನಿಧಾನವಾಗಿ ಹೋಗುತ್ತಿದ್ದರೆ ಬೈಕುಗಳೇ ನೀರಿನಂತೆ ಪಕ್ಕಕ್ಕೆ ಸರಿದುಕೊಳ್ಳುತ್ತವೆ. ಸಿಂಧನೂರಿನ ಗಾಂಧಿ ವೃತ್ತದಲ್ಲಿ ಭತ್ತದ ಲಾರಿಗಳ ನಡುವೆ ನುಸುಳಿ ಬೆಳೆದ ಸುಬ್ಬಾರಾವ್, ಇದೇನು ಮಹಾ ಎಂದು ಇಳಿದ. ನಟ್ಟನಡುವೆ ಹೋದವನು ನಿಂತುಬಿಟ್ಟ. ಕಣ್ಣು ಮುಚ್ಚಿ ಕೈಮುಗಿದ. ಬೈಕಿನವರು ಇದು ಯಾವುದೋ ಧಾರ್ಮಿಕ ವಿಧಿ ಎಂದು ತಿಳಿದು ಗೌರವದಿಂದ ಸುತ್ತಿ ಹೋದರು. ಕೊನೆಗೆ ಮೌನೇಶ ಹೋಗಿ ಕೈಹಿಡಿದು ಕರೆತಂದ. ಆಮೇಲೆ ಎಲ್ಲರನ್ನೂ ಎಣಿಸಿದ. ಅವನು ದಿನಕ್ಕೆ ಇಪ್ಪತ್ತು ಸಲ ನಮ್ಮನ್ನು ಎಣಿಸುತ್ತಿದ್ದ.

ಮೆಕಾಂಗ್ ದಂಡೆ

ಮೂರನೆಯ ದಿನ ಬಸ್ಸಿನಲ್ಲಿ ಭತ್ತದ ಸೀಮೆಗೆ ಹೊರಟೆವು. ಎರಡೂ ಬದಿಗೆ ಕಾಲುವೆ, ಹಸಿರು, ನೀರು ನಿಂತ ಗದ್ದೆ. ತುರ್ವಿಹಾಳದ ದಾರಿಯೇ, ಬೋರ್ಡು ಓದಲಿಕ್ಕೆ ಬರುವುದಿಲ್ಲ ಎನ್ನುವುದೊಂದೇ ವ್ಯತ್ಯಾಸ. ಇಷ್ಟು ದೂರ ಬಂದು ಮತ್ತೆ ಭತ್ತವನ್ನೇ ನೋಡುವುದೇ ಎಂದು ಎಲ್ಲರಿಗೂ ಬೇಸರವಾಗಿ, ಅಂಗಡಿಕಾರರು ಒಬ್ಬರನ್ನೊಬ್ಬರು ಕೆಣಕತೊಡಗಿದರು.

"ಅಮರೇಶಂ ಗಾರೂ, ನೀವು ಹೋದ ವರ್ಷ ನಿಜವಾಗ್ಲೂ ನಲವತ್ತು ಬಾಕ್ಸೇನಾ?"

"ಎತ್ತಿದ್ದು ಹೇಳಬೇಕೋ, ಮಾರಿದ್ದು ಹೇಳಬೇಕೋ?" ಎಂದ ಅಮರೇಶ.

ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮಿದರು. ಸುಬ್ಬಾರಾವ್ ಕಿಟಕಿಯ ಹೊರಗೆ ನೋಡುತ್ತ ಹೇಳಿದ. "ನಮ್ಮನೇಲಿ ದೇವರ ಕೋಣೆ ತುಂಬ ಬಾಕ್ಸೇ. ದೇವರನ್ನ ಹಾಲ್‌ಗೆ ತಂದೀವಿ, ಟಿವಿ ಪಕ್ಕ."

"ನಮ್ಮನ್ಯಾಗ ಮಂಚಾನ ಬಾಕ್ಸಿನ ಮ್ಯಾಲ ಐತಿ," ಎಂದ ಅಮರೇಶ. "ನನ್ನ ಹೆಂಡ್ತಿ ಮಲಗಬೇಕಂದ್ರ ಸ್ಟೂಲ್ ಹಾಕ್ಕೊಂಡು ಹತ್ತತಾಳ. ಮೊಣಕಾಲ ನೋವು ಅಲ್ಲಿಂದಾನ ಬಂದದ್ದು."

ಒಬ್ಬೊಬ್ಬರಾಗಿ ಎಲ್ಲರೂ ಒಪ್ಪಿಕೊಂಡರು. ಒಬ್ಬನದು ಅಟ್ಟದಲ್ಲಿ, ಒಬ್ಬನದು ಬೀಗರ ಮನೆಯಲ್ಲಿ. ಆ ವರ್ಷ ನಮ್ಮ ಸೀಮೆಗೆ ಜಿಗಿಹುಳು ಬಂದೇ ಇರಲಿಲ್ಲ. ಟಾರ್ಗೆಟ್ ಮಾತ್ರ ಬಂದಿತ್ತು. ಬರದ ಹುಳವನ್ನು ಕೊಲ್ಲುವುದಕ್ಕೆ ಮಾರದ ಎಣ್ಣಿಯನ್ನು ಎತ್ತಿದ ಸಾಧನೆಗಾಗಿ ನಾವು ಇಷ್ಟೂ ಜನ ವಿಯೆಟ್ನಾಮಿನಲ್ಲಿ ಬಸ್ಸು ಹತ್ತಿದ್ದೆವು.

"ಈ ಸಲ ನಾ ಒಂದ್ ಬಾಕ್ಸೂ ಹೇಳಂಗಿಲ್ಲ," ಎಂದ ಅಮರೇಶ. ಹೌದು ಹೌದು ಎಂದರು ಉಳಿದವರು. ಮುಂದಿನ ಸೀಟಿನಲ್ಲಿದ್ದ ಮೌನೇಶ ಎದ್ದು ಎಲ್ಲರಿಗೂ ನೀರಿನ ಬಾಟಲಿ ಹಂಚಿದ. ಆಗಲೇ ಹಂಚಿದ್ದ, ಎಲ್ಲರ ಕೈಯಲ್ಲೂ ಎರಡೆರಡು ಆದವು.

ಗದ್ದೆಯಲ್ಲಿ ಕಂಪನಿಯವರು ನಮಗೆ ಡ್ರೋನಿನಿಂದ ಎಣ್ಣಿ ಹೊಡೆಯುವುದನ್ನು ತೋರಿಸಬೇಕಾಗಿತ್ತು. ಗದ್ದೆಯ ಒಡತಿ ಒಬ್ಬ ಮುದುಕಿ, ತಲೆಯ ಮೇಲೆ ತಾಳೆಗರಿಯ ಚೂಪು ಟೋಪಿ, ಹಿಂದೆ ಇನ್ನೂರು ಬಾತುಕೋಳಿ. ಕಟಾವಾದ ಮೇಲೆ ಆಂಧ್ರದವರು ನಮ್ಮ ಗದ್ದೆಗಳಲ್ಲಿ ಬಾತು ಮೇಯಿಸಲು ಬರುತ್ತಾರಲ್ಲ, ಅದೇ ಜಾತಿ, ಅದೇ ಗದ್ದಲ. ಡ್ರೋನು ಎದ್ದದ್ದೇ ತಡ, ಇನ್ನೂರೂ ಇನ್ನೂರು ದಿಕ್ಕಿಗೆ ಓಡಿದವು. ಮುದುಕಿ ಡ್ರೋನಿನವನನ್ನು ಬೈಯತೊಡಗಿದಳು. ಅನುವಾದ ಬೇಕಾಗಲಿಲ್ಲ. ರಾಗ ನಮ್ಮ ಕಡೆಯದೇ. ಅವನ ತಾಯಿಯಿಂದ ಶುರುವಾಗಿ ಅಜ್ಜಿಯ ತನಕ ಹೋಯಿತು.

ಈ ಯಂತ್ರ ಎಂಟು ಆಳಿನ ಕೆಲಸ ಮಾಡುತ್ತದೆ ಎಂದು ಲಾನ್ ವಿವರಿಸಿದಳು. ಆ ಎಂಟು ಜನ ಈಗ ಎಲ್ಲಿದ್ದಾರೆ, ಕೇಳಿ ಹೇಳಿ ಎಂದ ಮೌನೇಶ. ಲಾನ್ ಕೇಳಿದಳು. ಮುದುಕಿ ಬಹಳ ಹೊತ್ತು ಹೇಳಿದಳು, ಹೆಸರು ಹಿಡಿದು, ಬೆರಳು ಮಡಚಿ. ಲಾನ್ ಅದನ್ನು ಚಿಕ್ಕದಾಗಿ ಅನುವಾದಿಸಿದಳು: ಒಬ್ಬ ಡ್ರೋನ್ ಹಾರಿಸುತ್ತಾನೆ. ಏಳು ಜನ ನಗರದಲ್ಲಿ ಬೈಕ್ ಓಡಿಸುತ್ತಾರೆ.

ಸುಬ್ಬಾರಾವನ ಸುತ್ತ ಹಾದುಹೋದವರಲ್ಲಿ ಅವರೂ ಇದ್ದರೋ ಏನೋ.

ಎಳನೀರು ಕುಡಿಯುವಾಗ ಅಮರೇಶ ಕೇಳಿದ. "ಲೇ ಮೌನೇಶಾ, ನಾವ್ ಏನೂ ಹೇಳಲಿಲ್ಲಂದ್ರ ನಿನಗೇನಾಗ್ತೈತಿ?"

"ಏನೂ ಆಗಂಗಿಲ್ರಿ ಸಾಹುಕಾರ್ರ. ಮನ್ಯಾಗಿರ್ತೀನಿ."

ಇಷ್ಟೇ ಹೇಳಿ ಅವನು ಬಾತುಗಳನ್ನು ಸೇರಿಸಲು ಮುದುಕಿಯ ಜೊತೆ ಗದ್ದೆಗಿಳಿದ. ಅಂಗಡಿಕಾರರು ಬದುವಿನ ಮೇಲೆ ಸಭೆ ಸೇರಿದರು. ಠರಾವು ಬರೆದು ಅನುಭವವಿದ್ದ ನನಗೇ ಕರಡಿನ ಕೆಲಸ ಬಿತ್ತು. ಪ್ರತಿಯೊಬ್ಬರೂ ಹೋದ ವರ್ಷದ ನಲವತ್ತನ್ನೇ ಹೇಳತಕ್ಕದ್ದು. ಒಂದು ಕಡಿಮೆಯಿಲ್ಲ, ಏಕೆಂದರೆ ಮೌನೇಶ. ಒಂದು ಹೆಚ್ಚಿಲ್ಲ, ಏಕೆಂದರೆ ಮಂಚ. ಸರ್ವಾನುಮತದಿಂದ ಅಂಗೀಕಾರವಾಯಿತು. ಸುಬ್ಬಾರಾವ್ ಮತ್ತು ಅಮರೇಶ ಕೈ ಕೈ ಹಿಡಿದುಕೊಂಡರು.

ಕೊನೆಯ ಸಂಜೆ

ಹೋಟೆಲಿನ ಸಭಾಂಗಣದಲ್ಲಿ ಒಂದು ವೇದಿಕೆ, ಒಂದು ಹಿತ್ತಾಳೆ ಗಂಟೆ, ಮುಂಬಯಿಯಿಂದ ಬಂದ ದೊಡ್ಡ ಸಾಹೇಬ. ಅಂಗಡಿಕಾರರು ಒಬ್ಬೊಬ್ಬರಾಗಿ ಹತ್ತಿ, ಅಂಕಿ ಹೇಳಿ, ಗಂಟೆ ಬಾರಿಸಬೇಕು. ಲಿಂಗಸುಗೂರಿನವರು ನಲವತ್ತು ಅಂದರು, ಗಂಟೆ ಬಾರಿಸಿದರು. ಇನ್ನೊಬ್ಬರು ನಲವತ್ತು. ಗೋಡೆಗೆ ಒರಗಿ ನಿಂತಿದ್ದ ಮೌನೇಶನ ಮುಖ ಸಡಿಲಾಗುತ್ತ ಬಂತು.

ಸುಬ್ಬಾರಾವ್ ಹತ್ತಿದ. "ನಲವತ್ತು," ಎಂದ. ಗಂಟೆಯ ಹಗ್ಗ ಹಿಡಿದವನಿಗೆ ಬರಿಯ ಸೊನ್ನೆಯಲ್ಲಿ ಮುಗಿಸುವುದು ಅಪಶಕುನ ಅನ್ನಿಸಿರಬೇಕು. "ಶುಭಕ್ಕೆ ಒಂದು. ನಲವತ್ತೊಂದು."

ಅಮರೇಶ ಕೂತಲ್ಲೇ ನೆಟ್ಟಗಾದ.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿ ಹೇಳಬೇಕು. ನಮ್ಮ ಗುಡಿಗಳಲ್ಲಿ ದೇವರ ಮುಂದಿನ ತೆಂಗಿನಕಾಯಿ, ಕೊರಳ ಹಾರ ಎಲ್ಲವನ್ನೂ ಸವಾಲು ಹಾಕುತ್ತಾರೆ. ಕೂಗುವ ಬೆಲೆಗೂ ಕಾಯಿಗೂ ಸಂಬಂಧವಿಲ್ಲ. ಎದುರಿಗೆ ಕೂತವನ ಮೀಸೆಗೂ ಬೆಲೆಗೂ ಸಂಬಂಧ. ಒಮ್ಮೆ ಸವಾಲಿಗೆ ಬಾಯಿ ಹಾಕಿದವನು ಹಿಂದೆ ಸರಿದದ್ದನ್ನು ನನ್ನ ಆಯುಷ್ಯದಲ್ಲಿ ಕಂಡಿಲ್ಲ.

"ಐವತ್ತೊಂದು," ಎಂದ ಅಮರೇಶ, ವೇದಿಕೆ ಹತ್ತದೆಯೇ.

"ಎಪ್ಪತ್ತೊಂದು," ಎಂದ ಸುಬ್ಬಾರಾವ್, ಗಂಟೆ ಬಿಡದೆಯೇ.

ನಾನು ಅಮರೇಶನ ಅಂಗಿ ಹಿಡಿದು ಜಗ್ಗಿದೆ. "ಅಮರೇಶಾ, ಮಂಚ. ಮಂಚ ನೆನಸ್ಕೋ."

"ಸುಮ್ನಿರ್ರಿ ಮಾಮಾ, ಮಸ್ಕಿ ಮರ್ಯಾದಿ ಐತಿ. ನೂರಾ ಒಂದು."

ಲಿಂಗಸುಗೂರಿನವರು ನಾವೇನು ಕಡಿಮೆ ಎಂದು ಮತ್ತೆ ಹತ್ತಿದರು. ಗಂಟೆ ನಿಲ್ಲದೆ ಬಡಿಯಿತು. ಇನ್ನೂರಾ ಐವತ್ತೊಂದಕ್ಕೆ ಸವಾಲು ಅಮರೇಶನ ಮೇಲೆ ನಿಂತಿತು. ಅವನು ಸುತ್ತಲೂ ಕೈಮುಗಿದ. ಮೌನೇಶ ಗೋಡೆಯ ಹತ್ತಿರ ಬೆರಳು ಮಡಚಿ ಒಟ್ಟು ಮಾಡುತ್ತಿದ್ದ. ಎರಡನೆಯ ಕೈಗೆ ಬರುವ ಹೊತ್ತಿಗೆ ಅವನ ಮುಖದ ನಗು ಹೋಗಿತ್ತು.

ಸಾಹೇಬ ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ಅಷ್ಟರಲ್ಲಿ ಅವನ ಸಹಾಯಕ ಹೊರಗೆ ಹೋಗಿ ಒಂದು ಕಾಗದ ಅಚ್ಚು ಹಾಕಿಸಿ ತಂದ. ಮೌನೇಶನನ್ನು ಮೇಲೆ ಕರೆದು ಶಾಲು ಹೊದಿಸಿ, ಹಾರ ಹಾಕಿ, ಕೈಗೆ ಒಂದು ಲಕೋಟೆ ಕೊಟ್ಟ. ಬಡ್ತಿ ಎಂದು ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ, ಹಾರ ಕಂಡಲ್ಲಿ ಚಪ್ಪಾಳೆ ತಟ್ಟುವುದು ಸರಕಾರಿ ಸೇವೆಯಲ್ಲಿ ಬಂದ ಅಭ್ಯಾಸ.

ಮೌನೇಶ ಕೆಳಗಿಳಿದು ಬಂದು ಕಾಗದವನ್ನು ನಮಗೆ ಕನ್ನಡದಲ್ಲಿ ಓದಿ ಹೇಳಿದ. ಅವನ ಅನುವಾದ ಯಾವಾಗಲೂ ಅಚ್ಚುಕಟ್ಟು. "ಇಷ್ಟು ಸ್ವಂತ ಉತ್ಸಾಹ ಇರೋ ಡೀಲರ್‌ಗಳ ಮ್ಯಾಲ ಫೀಲ್ಡ್ ಆಫೀಸರ್‌ನ ಇಡೋದು ಅವರಿಗೆ ಅವಮಾನ. ಮುಂದಿನ ತಿಂಗಳಿಂದ ಆರ್ಡರು ಫೋನಿನ ಆ್ಯಪ್‌ನಾಗ. ಈ ಏರಿಯಾದ ಹುದ್ದೆ ತಗದೀವಿ. ಶುಭ ಹಾರೈಕೆಗಳು."

ಅಮರೇಶ ಕಾಗದವನ್ನು ತಗೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

"ನಾ ಜಾಸ್ತಿ ಹೇಳೀನಲ್ಲೋ," ಎಂದ ಅಮರೇಶ.

"ಹೌದ್ರಿ ಸಾಹುಕಾರ್ರ," ಎಂದ ಮೌನೇಶ. "ಜಾಸ್ತಿ ಆತು."

ಲಿಂಗಸುಗೂರು

ಕಾಗದದ ಹಿಂದೆ ವಾಪಸ್ ಕೊಡಬೇಕಾದ ಸಾಮಾನಿನ ಪಟ್ಟಿ ಇತ್ತು. ಗುರುತಿನ ಚೀಟಿ, ಚೀಲ, ಕಂಪನಿಯ ಹೆಸರಿರುವ ಆರು ಅಂಗಿ. ಮೌನೇಶ ಪ್ರವಾಸಕ್ಕೆ ತಂದದ್ದು ಅವುಗಳಲ್ಲಿ ನಾಲ್ಕು, ಬೇರೆ ಅಂಗಿಯೇ ತಂದಿರಲಿಲ್ಲ. ಮರುದಿನ ಬೆಳಿಗ್ಗೆ ನಾಲ್ಕನ್ನೂ ಮಡಚಿ ಸಾಹೇಬನ ಸಹಾಯಕನಿಗೆ ಒಪ್ಪಿಸಿ, ಹೋಟೆಲಿನ ಹಜಾರದಲ್ಲಿ ಬನಿಯನ್ನಿನಲ್ಲಿ ನಿಂತ. ಅಮರೇಶ ವೇದಿಕೆಗೆಂದು ಹೊಲಿಸಿದ್ದ ಕೆನೆಬಣ್ಣದ ರೇಷ್ಮೆ ಅಂಗಿ ಕೊಟ್ಟ. ಅದರಲ್ಲಿ ಇಬ್ಬರು ಮೌನೇಶರು ಹಿಡಿಯುತ್ತಿದ್ದರು. ಸುಬ್ಬಾರಾವ್ ಜರಿ ಅಂಚಿನ ಶಲ್ಯ ಹೊದಿಸಿದ. ಆ ವೇಷದಲ್ಲೇ ಅವನು ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಎಣಿಸಿದ. ಯಾಕಪ್ಪ ಇನ್ನೂ ಎಣಿಸುತ್ತೀ ಎಂದರೆ, "ಒಬ್ಬರು ತಪ್ಪಿದ್ರ ಯಾರು ಹುಡುಕ್ತಾರ ಸರ್?" ಎಂದ.

ಹೈದರಾಬಾದಿನಿಂದ ಬಂದ ವ್ಯಾನು ಸಿಂಧನೂರಿನಲ್ಲಿ ನಿಂತಾಗ ಅವನು ನನ್ನ ಕೈ ಹಿಡಿದ. "ಸರ್, ಲಿಂಗಸುಗೂರು ತನಕ ಬರ್ತೀರೇನ್ರಿ? ಮನ್ಯಾಗ ಹೇಳಬೇಕು. ನೀವು ಏನೂ ಅನಬ್ಯಾಡ್ರಿ, ಬಾಜೂಕ ಕುಂತ್ರ ಸಾಕು."

ಹೋದೆ. ಮಸ್ಕಿಯಲ್ಲಿ ಅಮರೇಶ ಇಳಿದ. ಕಿಟಕಿಯ ಹತ್ತಿರ ಬಂದು ಏನೋ ಹೇಳಲು ನಿಂತ, ವ್ಯಾನು ಹೊರಟಿತು.

ಮೌನೇಶನ ಹೆಂಡತಿ ಮಹಾದೇವಿ ಬಾಗಿಲಲ್ಲೇ ಅವನನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡಳು. "ಏನ್ರೀ ಇದು, ಅಲ್ಲೆ ಇನ್ನೊಂದ್ ಲಗ್ನ ಮಾಡ್ಕೊಂಡ್ರೇನು?" ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು. "ಸರ್ರ, ವಿಮಾನದಾಗ ಬುತ್ತಿ ಬಿಚ್ಚಾಕ ಬಿಟ್ರೇನ್ರಿ?"

ಗೋಡೆಯ ಮೊಳೆಗೆ ಉಳಿದೆರಡು ಅಂಗಿ ಇಸ್ತ್ರಿಯಾಗಿ ತೂಗುತ್ತಿದ್ದವು. ಮರುದಿನ ಸೋಮವಾರ. ಮೌನೇಶ ಎದ್ದು ಒಂದನ್ನು ಇಳಿಸಿ ಮಡಚತೊಡಗಿದ.

"ಅದನ್ಯಾಕ ಮ್ಯಾಲಿಂದ ತಗೀತೀರಿ? ನಾಳಿಗಂತ ಇಸ್ತ್ರಿ ಮಾಡೀನಿ."

"ವಾಪಸ್ ಕೊಡಬೇಕಂತ."

"ಯಾಕ್ರೀ, ಬ್ಯಾರೇ ಬಣ್ಣದವು ಕೊಡ್ತಾರೇನು?"

ಅವನು ನನ್ನ ಕಡೆ ನೋಡಿದ. ಹನ್ನೊಂದು ಹಳ್ಳಿಗೆ ಮೂವತ್ತನಾಲ್ಕು ವರ್ಷ ತಿಳಿಸಿ ಹೇಳಿದವನು ನಾನು. ಬಾಜೂಕ ಕೂತಿದ್ದೆ, ಕೂತೇ ಇದ್ದೆ.

ಮಹಾದೇವಿ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವನ ಕೈಯಿಂದ ಅಂಗಿ ತಗೊಂಡಳು.

"ಹಂಗ ಸುಕ್ಕ ಮಾಡಬ್ಯಾಡ್ರಿ," ಎಂದಳು. "ಕೊಡೋದು ಕೊಡ್ತೀವಿ, ಛಂದಾಗಿ ಕೊಡೂಣು."

ಗೆರೆಗೆ ಗೆರೆ ಕೂಡಿಸಿ ಮಡಚುವಾಗ ತೋಳಿನ ಒಂದು ಗುಂಡಿ ಸಡಿಲಾದದ್ದು ಅವಳಿಗೆ ಕಂಡಿತು. ಒಳಗೆ ಹೋಗಿ ಸೂಜಿ ದಾರ ತಂದು, ಬೆಳಕಿಗೆ ಕೂತು, ಅದನ್ನು ಗಟ್ಟಿಯಾಗಿ ಹಚ್ಚಿದಳು.